ಕೊಯ್ಯುವ ಕೆಲಸ ಕೊನೆಗೆ

ಆನ್‌ಲೈನ್ ಅಂಗಡಿಗಳಲ್ಲಿ ‘ರೆಸ್ಕ್ಯೂ ನೈಫ್’ ಎಂದು ಹುಡುಕಿದರೆ ಮೊದಲು ಎದುರಾಗುವುದು ಕಪ್ಪು ಅಲಗು, ಚೂಪು ಮೊನೆ, ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ಮೇಲೆ ಹುಲಿಯದೋ ತಲೆಬುರುಡೆಯದೋ ಚಿತ್ರ. ಹಿಡಿಯ ತುದಿಗೆ ಗಾಜು ಒಡೆಯಲೊಂದು ಉಕ್ಕಿನ ಮೊಳೆ, ಪಕ್ಕದಲ್ಲಿ ಸೀಟ್ ಬೆಲ್ಟ್ ಕೊಯ್ಯಲೊಂದು ಸೀಳು ಇಟ್ಟಿರುತ್ತಾರೆ. ಆ ಎರಡನ್ನು ಕಿತ್ತುಹಾಕಿದರೆ ಉಳಿಯುವುದು ಅಪ್ಪಟ ಹೊಡೆದಾಟದ ಚಾಕು. ಅಪಘಾತದ ಜಾಗಕ್ಕೆ ಓಡಿಬರುವ ಆಂಬುಲೆನ್ಸ್ ಸಿಬ್ಬಂದಿ ನೆಚ್ಚಿಕೊಂಡಿರುವ ಸಾಧನವೇ ಬೇರೆ: ಪ್ಲಾಸ್ಟಿಕ್ ಹಿಡಿಯ, ಮೂತಿ ಬಾಗಿ ಮೊಂಡಾದ ಒಂದು ಕತ್ತರಿ. ಜೀನ್ಸ್ ಪ್ಯಾಂಟು, ಬೂಟಿನ ದಾರ, ಸೀಟ್ ಬೆಲ್ಟು ಎಲ್ಲವನ್ನೂ ಅದು ಕತ್ತರಿಸುತ್ತದೆ. ಕೆಳಗಿನ ಮೂತಿ ಮೊಂಡಾಗಿರುವುದರಿಂದ ಗಾಯಾಳುವಿನ ಮೈಗೆ ಚುಚ್ಚುವುದಿಲ್ಲ. ನೋಡಲು ಏನೇನೂ ಚೆಂದವಿಲ್ಲ. ಯಾರೂ ಅದರ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿಕೊಳ್ಳುವುದಿಲ್ಲ.

ಜೀವ ಉಳಿಸುವ ಕೆಲಸದಲ್ಲಿ ಚಾಕುವಿನ ಪಾತ್ರ ಎಷ್ಟು ಎಂಬುದನ್ನು ಈ ಎರಡು ಸಾಧನಗಳ ನಡುವಿನ ಅಂತರದಿಂದಲೇ ಊಹಿಸಬಹುದು. ರಸ್ತೆ, ನೀರು, ಬೆಂಕಿ, ಹಗ್ಗ, ಯಂತ್ರ, ಯಾವ ಕಡೆಯಿಂದ ನೋಡಿದರೂ ಅನುಭವ ಹೆಚ್ಚಿದಂತೆಲ್ಲ ಅಲಗು ಚಿಕ್ಕದಾಗಿದೆ, ಮೊನೆ ಮಾಯವಾಗಿದೆ, ಕೊಯ್ಯುವ ಕೆಲಸ ಕೊನೆಯ ಸರದಿಗೆ ಸರಿದಿದೆ. ಮಾರುಕಟ್ಟೆ ಮಾತ್ರ ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಹೊರಟಿದೆ.

ಮೊಂಡು ಮೊನೆಯ ಒಂದು ಕವಲು ಹಡಗಿನದು. ಹಾಯಿಹಡಗಿನ ನಾವಿಕರು ಹಗ್ಗ ಕೊಯ್ಯಲು ಇಟ್ಟುಕೊಳ್ಳುತ್ತಿದ್ದ ಚಾಕುವಿನ ಬಾಯಿ ನೇರ. ಬೆನ್ನೇ ತುದಿಯಲ್ಲಿ ಕೆಳಕ್ಕೆ ಬಾಗಿ ಬಾಯಿಯನ್ನು ಕೂಡಿಕೊಳ್ಳುತ್ತಿತ್ತು. ಓಲಾಡುವ ಹಡಗಿನಲ್ಲಿ ಕೈ ಜಾರಿದರೂ ಅದು ಯಾರಿಗೂ ಚುಚ್ಚದು. ‘ಶೀಪ್ಸ್‌ಫುಟ್’ ಎಂಬ ಆ ಆಕಾರ ಇವತ್ತಿನ ಒಳ್ಳೆಯ ರಕ್ಷಣಾ ಚಾಕುಗಳಲ್ಲಿ ಹಾಗೆಯೇ ಉಳಿದಿದೆ. ಇನ್ನೊಂದು ಕವಲು ಆಕಾಶದ್ದು. ಪ್ಯಾರಾಚೂಟಿನ ಹಗ್ಗಗಳಲ್ಲಿ ಸಿಕ್ಕಿಬಿದ್ದವನಿಗೆ ಎರಡೂ ಕೈ ಬಿಡುವಿರುವುದಿಲ್ಲ. ಅದಕ್ಕೇ ಎರಡನೇ ಮಹಾಯುದ್ಧದ ಜರ್ಮನ್ ಪ್ಯಾರಾಟ್ರೂಪರ್‌ಗಳಿಗೆ ಒಂದೇ ಕೈಯಲ್ಲಿ ತೆರೆಯುವ, ಹಿಡಿಯೊಳಗಿಂದ ಅಲಗು ತನ್ನ ಭಾರಕ್ಕೇ ಜಾರಿ ಹೊರಬರುವ ಚಾಕು ಕೊಟ್ಟಿದ್ದರು. ಯುದ್ಧ ಮುಗಿದ ಮೇಲೆ ಅಮೆರಿಕದ ವಿಮಾನ ಸಿಬ್ಬಂದಿಗೆ ಬಂದ ಎಂಸಿ-1 ಚಾಕುವಿಗೆ ಕಿತ್ತಳೆ ಬಣ್ಣದ ಹಿಡಿ, ಒಂದು ಕಡೆ ಮಾಮೂಲು ಅಲಗು, ಇನ್ನೊಂದು ಕಡೆ ಒಳಬಾಯಿಯ ಕೊಕ್ಕೆ. ಹಗ್ಗವನ್ನು ಕೊಕ್ಕೆಯೊಳಕ್ಕೆ ಸೇರಿಸಿ ಎಳೆದರೆ ಮುಗಿಯಿತು. ಇಂದಿನ ಸೀಟ್ ಬೆಲ್ಟ್ ಕಟರ್‌ಗಳೆಲ್ಲ ಅದೇ ಬುದ್ಧಿಯವು. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ‘ರೆಸ್ಕ್ಯೂಟೂಲ್’ನಲ್ಲಿ ಬೆಲ್ಟ್ ಕಟರ್, ಗಾಜು ಒಡೆಯುವ ಮೊನೆ, ವಿಂಡ್‌ಶೀಲ್ಡ್ ಕೊಯ್ಯುವ ಗರಗಸ, ಕತ್ತಲಲ್ಲಿ ಮಿನುಗುವ ಹಳದಿ ಹಿಡಿ ಎಲ್ಲವೂ ಇವೆ. ಬಣ್ಣ ಶೋಕಿಗಲ್ಲ. ರಾತ್ರಿ ಮಳೆಯಲ್ಲಿ ಹುಲ್ಲಿಗೆ ಬಿದ್ದ ಕಪ್ಪು ಚಾಕು ಮತ್ತೆ ಸಿಗುವುದಿಲ್ಲ.

ಸೀಟ್ ಬೆಲ್ಟಿನ ವಿಚಾರವನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಹೆಚ್ಚಿನವರು ಕಟರ್ ಕೊಳ್ಳುವುದು ಇದಕ್ಕೇ. ಬೆಲ್ಟ್ ಎಂದರೆ ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಪಟ್ಟಿ, ಅಗಲ ಹೆಚ್ಚುಕಡಿಮೆ ಎರಡು ಇಂಚು. ಗುಜರಿ ಅಂಗಡಿಯಿಂದ ಹಳೆ ಕಾರಿನ ಬೆಲ್ಟ್ ತಂದು ಅಡುಗೆಮನೆಯ ಚಾಕುವಿನಲ್ಲಿ ಕೊಯ್ದು ನೋಡಿ. ಸಡಿಲವಾಗಿ ಹಿಡಿದರೆ ಪಟ್ಟಿ ಮಡಚಿಕೊಂಡು ಅಲಗಿನ ಮುಂದೆ ಮುಂದೆ ಓಡುತ್ತದೆ, ಅಂಚಿನ ನಾಲ್ಕು ನೂಲು ಬಿಟ್ಟು ಬೇರೇನೂ ಹರಿಯುವುದಿಲ್ಲ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಬಿಗಿಯಾಗಿ ಜಗ್ಗಿ ಹಿಡಿದು, ಕೊಕ್ಕೆಯನ್ನು ಅಂಚಿಗೆ ಓರೆಯಾಗಿ ಸಿಕ್ಕಿಸಿ ಒಂದೇ ಸಲ ಎಳೆದರೆ ‘ಪರ್ರ್’ ಎಂದು ಸೀಳಿಕೊಂಡು ಬರುತ್ತದೆ. ಓರೆಯಾಗಿ ಹಿಡಿದಾಗ ಅಲಗು ಒಮ್ಮೆಗೆ ಕೆಲವೇ ನೂಲುಗಳನ್ನು ಎದುರಿಸುತ್ತದೆ. ಅಡ್ಡಕ್ಕೆ ನೆಟ್ಟಗೆ ಇಟ್ಟು ಎಳೆದರೆ ಪಟ್ಟಿಯೆಲ್ಲ ಗುಪ್ಪೆಯಾಗಿ ಸೀಳಿನ ಬಾಯಿಗೆ ಕಟ್ಟಿಕೊಳ್ಳುತ್ತದೆ, ಕಟರ್ ಅರ್ಧದಲ್ಲೇ ನಿಲ್ಲುತ್ತದೆ. ಅಗ್ಗದ ಕೀಚೈನ್ ಕಟರ್‌ಗಳ ಬ್ಲೇಡು ತೆಳು. ಎರಡು ಸಲ ಕೊಯ್ದು ನೋಡುವ ಹೊತ್ತಿಗೇ ಕೆಲವದರ ಹರಿತ ಹೋಗಿರುತ್ತದೆ.

ಆದರೆ ಕಟರ್ ತೆಗೆಯುವ ಮುಂಚೆ ಮಾಡಬೇಕಾದದ್ದು ಬೇರೆಯೇ ಇದೆ. ಮೊದಲು ಬಕಲ್‌ನ ಕೆಂಪು ಗುಂಡಿ ಒತ್ತಿ ನೋಡಬೇಕು. ಅಪಘಾತವಾದ ಕಾರುಗಳಲ್ಲಿಯೂ ಬಹಳಷ್ಟು ಬಕಲ್‌ಗಳು ಬಿಚ್ಚಿಕೊಳ್ಳುತ್ತವೆ. ಮೈಭಾರ ಪಟ್ಟಿಯ ಮೇಲೆ ಬಿದ್ದಿದ್ದರೆ ಗುಂಡಿ ಗಟ್ಟಿಯಾಗಿರುತ್ತದೆ, ಆಗ ಭಾರವನ್ನು ಒಂದಿಷ್ಟು ಎತ್ತಿ ಹಿಡಿದರೆ ಸಾಕು. ಪಲ್ಟಿಯಾದ ಕಾರಿನಲ್ಲಿ ತಲೆಕೆಳಗಾಗಿ ನೇತಾಡುತ್ತಿರುವವರ ವಿಷಯದಲ್ಲಂತೂ ಅವಸರ ಕೂಡದು. ಅವರ ಇಡೀ ಭಾರವನ್ನು ಹೊತ್ತಿರುವುದು ಸೊಂಟದ ಪಟ್ಟಿ. ಅದನ್ನು ಕಚಕ್ಕನೆ ಕತ್ತರಿಸಿದರೆ ಆ ಮನುಷ್ಯ ನೇರವಾಗಿ ತಲೆಯ ಮೇಲೆ ಬೀಳುತ್ತಾನೆ. ಅಪಘಾತದಲ್ಲಿ ಉಳಿದಿದ್ದ ಕತ್ತಿನ ಮೂಳೆ ಸಹಾಯ ಮಾಡಲು ಬಂದವರ ಕೈಯಲ್ಲಿ ಮುರಿಯಬಹುದು. ಒಬ್ಬರು ತಲೆ ಮತ್ತು ಕತ್ತನ್ನು ಅಲುಗದಂತೆ ಹಿಡಿದು, ಇಬ್ಬರು ಭುಜ ಮತ್ತು ಸೊಂಟಕ್ಕೆ ಕೈಕೊಟ್ಟು, ಭಾರ ತಮ್ಮ ಕೈಗೆ ಬಂದಿದೆ ಎಂದು ಬಾಯಿಬಿಟ್ಟು ಹೇಳಿದ ಮೇಲೆ ಭುಜದ ಪಟ್ಟಿ, ಕಟ್ಟಕಡೆಗೆ ಸೊಂಟದ ಪಟ್ಟಿ. ಅಲಗಿನ ಬೆನ್ನು ಗಾಯಾಳುವಿನ ಕಡೆಗಿರಬೇಕು, ಎಳೆತ ಅವರ ಮುಖದಿಂದ ದೂರಕ್ಕಿರಬೇಕು. ಬೆಂಕಿ ಹತ್ತಿದ್ದರೆ ಅಥವಾ ಕಾರು ನೀರಿಗೆ ಬಿದ್ದಿದ್ದರೆ ಈ ಎಚ್ಚರಿಕೆಗಳಲ್ಲಿ ಕೆಲವನ್ನು ಬಿಟ್ಟುಕೊಡಬೇಕಾಗುತ್ತದೆ. ಆಗ ಕುತ್ತಿಗೆಗಿಂತ ಉಸಿರು ಮುಖ್ಯ.

ಬೆಲ್ಟ್ ಬಿಟ್ಟು ಬೇರೆಲ್ಲೂ ಕಾರಿನೊಳಗೆ ಅಲಗು ಆಡಿಸದಿರುವುದು ಕ್ಷೇಮ. ಬಾಗಿಲ ನಡುವಿನ ಕಂಬದಲ್ಲಿ ಬೆಲ್ಟನ್ನು ಬಿಗಿಗೊಳಿಸುವ ಸ್ಫೋಟಕ ಸಾಧನವಿರಬಹುದು, ಚಾವಣಿಯ ಅಂಚಿನಲ್ಲಿ ಕರ್ಟನ್ ಏರ್‌ಬ್ಯಾಗಿನ ಅನಿಲದ ಸಿಲಿಂಡರ್ ಇರಬಹುದು. ಹೈಡ್ರಾಲಿಕ್ ಕಟರ್ ಹಿಡಿದ ತರಬೇತಿ ಪಡೆದವರೂ ಮೊದಲು ಒಳಗಿನ ಪ್ಲಾಸ್ಟಿಕ್ ಹೊದಿಕೆ ಕಿತ್ತು, ಏನಿದೆ ಎಂದು ಕಣ್ಣಾರೆ ನೋಡಿಯೇ ಕತ್ತರಿಸುವುದು. ಎಲೆಕ್ಟ್ರಿಕ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್ ಕಂಡ ಕಡೆ ಕೈಯನ್ನೇ ಹಾಕಬಾರದು.

ಅಪಘಾತವೇ ಆಗದೆಯೂ ಕಟರ್ ಬೇಕಾಗುವ ಒಂದು ಸಂದರ್ಭವಿದೆ, ಇದರ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ಹಿಂದಿನ ಸೀಟಿನ ಮಗು ಆಟಕ್ಕೆಂದು ಬೆಲ್ಟನ್ನು ಪೂರ್ತಿ ಎಳೆದು ಕೊರಳಿಗೆ ಸುತ್ತಿಕೊಳ್ಳುತ್ತದೆ. ಚೈಲ್ಡ್ ಸೀಟ್ ಬಿಗಿಯಲೆಂದು ಕೆಲವು ಕಾರುಗಳ ಬೆಲ್ಟಿನಲ್ಲಿ, ಪೂರ್ತಿ ಎಳೆದ ಮೇಲೆ ಒಳಕ್ಕೆ ಮಾತ್ರ ಸರಿಯುವ, ಹೊರಕ್ಕೆ ಬಾರದ ಲಾಕ್ ಇರುತ್ತದೆ. ಮಗು ಒದ್ದಾಡಿದಷ್ಟೂ ಪಟ್ಟಿ ಬಿಗಿಯಾಗುತ್ತ ಹೋಗುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಈ ಬಗ್ಗೆ ಪೋಷಕರನ್ನು ಎಚ್ಚರಿಸಿದೆ. ಇಲ್ಲಿ ಯೋಚಿಸುವುದೇನೂ ಇಲ್ಲ, ಬಕಲ್ ಬಿಚ್ಚಿ ಬಿಡಿಸಲಾಗದಿದ್ದರೆ ಕೈಗೆ ಸಿಕ್ಕ ಕತ್ತರಿಯಿಂದ ಕತ್ತರಿಸಬೇಕು.

ಬೆಲ್ಟ್ ಸಿಕ್ಕಿಕೊಂಡು ಸಾಯುತ್ತೇವೆ ಎಂಬ ಹೆದರಿಕೆಯಿಂದ ಬೆಲ್ಟನ್ನೇ ಹಾಕದವರು ನಮ್ಮಲ್ಲಿದ್ದಾರೆ. ಕಟರ್ ಮಾರುವವರ ಜಾಹೀರಾತುಗಳು ಈ ಹೆದರಿಕೆಗೆ ಎಣ್ಣೆ ಹೊಯ್ಯುತ್ತವೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ. ಅದೇ ವರ್ಷ ದೇಶದ ರಸ್ತೆಗಳಲ್ಲಿ ಒಟ್ಟು ಸತ್ತವರು 1,68,491. ಅದರಲ್ಲಿ ಶೇಕಡಾ 44ಕ್ಕೂ ಹೆಚ್ಚು ದ್ವಿಚಕ್ರ ವಾಹನದವರು.

ಈ ಕೊನೆಯ ಅಂಕಿ ಇಡೀ ಚರ್ಚೆಯ ಮುಖವನ್ನೇ ತಿರುಗಿಸಬೇಕು. ರಕ್ಷಣಾ ಚಾಕುವಿನ ಬಗ್ಗೆ ನಾವು ಓದುವುದೆಲ್ಲ ಕಾರಿನ ದೇಶಗಳಲ್ಲಿ ಹುಟ್ಟಿದ ಮಾತು. ಬೈಕು ಸ್ಕೂಟರ್‌ಗಳ ದೇಶದಲ್ಲಿ ಕೊಯ್ಯಬೇಕಾಗಿ ಬರುವುದು ಬೆಲ್ಟಿಗಿಂತ ಬಟ್ಟೆಯನ್ನು. ಸೀರೆಯ ಸೆರಗು ಹಿಂದಿನ ಚಕ್ರಕ್ಕೆ, ದುಪಟ್ಟಾ ಚೈನಿಗೆ ಸಿಕ್ಕುವುದು ನಮ್ಮ ಊರುಗಳಲ್ಲಿ ಹೊಸ ಸುದ್ದಿಯಲ್ಲ. ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ಕೊರಳಿನ ಶಾಲು ಕಾರಿನ ಚಕ್ರಕ್ಕೆ ಸುತ್ತಿಕೊಂಡು ಸತ್ತದ್ದು ಜಗತ್ತಿಗೆ ಗೊತ್ತು. ಅದೇ ರೀತಿಯಲ್ಲಿ ಸಾಯುವ ನಮ್ಮ ಹೆಣ್ಣುಮಕ್ಕಳ ಸುದ್ದಿ ಪತ್ರಿಕೆಯ ಜಿಲ್ಲಾ ಪುಟ ದಾಟುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ, ಬಟ್ಟೆ ಸಿಕ್ಕದಂತೆ ತಡೆಯುವ ಗಾರ್ಡ್ ಇರಲೇಬೇಕು ಎನ್ನುತ್ತದೆ. ಅದನ್ನು ‘ಲುಕ್’ ಕೆಡುತ್ತದೆ ಎಂದು ಬಿಚ್ಚಿಹಾಕುವವರೇ ಹೆಚ್ಚು.

ಸಿಕ್ಕಿಕೊಂಡಾಗ ಸುತ್ತ ನೆರೆದವರು ತಕ್ಷಣ ಮಾಡುವುದು ಬಟ್ಟೆಯನ್ನು ಎಳೆಯುವುದು, ಇಲ್ಲವೇ ಚಕ್ರವನ್ನು ಅತ್ತಿತ್ತ ತಿರುಗಿಸುವುದು. ಕೊರಳಿಗೆ ಬಿಗಿದಿರುವ ಬಟ್ಟೆಗೆ ಇವೆರಡೂ ಇನ್ನಷ್ಟು ಬಿಗಿತ ಕೊಡುವ ಅಪಾಯವಿದೆ. ಎಂಜಿನ್ ಆರಿಸಿ, ವಾಹನ ಅಲುಗದಂತೆ ಹಿಡಿದು, ಕೊರಳು ಮತ್ತು ಚಕ್ರದ ನಡುವೆ ಬಿಗಿದು ನಿಂತ ಬಟ್ಟೆಯನ್ನು ಕತ್ತರಿಸಬೇಕು. ನೈಲಾನ್, ಶಿಫಾನ್‌ನಂಥ ಜಾರುವ ಬಟ್ಟೆಗೆ ನಯವಾದ ಬಾಯಿಗಿಂತ ಹಲ್ಲಿರುವ ಬಾಯಿ ಚೆನ್ನಾಗಿ ಕಚ್ಚುತ್ತದೆ. ಬಟ್ಟೆ ಚರ್ಮದೊಳಕ್ಕೆ ಹೂತಿದ್ದರೆ ಮೊಂಡು ಮೂತಿಯ ಕತ್ತರಿಯೇ ಗತಿ. ಅಲ್ಲಿ ಚೂಪು ಚಾಕು ಇಳಿಸಲು ಯತ್ನಿಸಿದರೆ ಕೊರಳ ರಕ್ತನಾಳ ಒಂದು ಬೆರಳಿನಷ್ಟೂ ದೂರವಿರುವುದಿಲ್ಲ. ಹೆಲ್ಮೆಟ್ಟಿನ ಪಟ್ಟಿಯೂ ಹೀಗೇ: ಬಕಲ್ ಬಿಚ್ಚಲಾಗದಿದ್ದರೆ ಪಟ್ಟಿ ಕತ್ತರಿಸಬಹುದು, ಆದರೆ ಅದಕ್ಕೂ ಮೊದಲು ಇನ್ನೊಬ್ಬರು ತಲೆಯನ್ನು ಎರಡೂ ಕಡೆಯಿಂದ ಹಿಡಿದಿರಬೇಕು.

ಹಳ್ಳಿಯ ಕಣದಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಕಬ್ಬಿನ ಗಾಣದಲ್ಲಿ, ಅಡಿಕೆ ಸುಲಿಯುವ ಯಂತ್ರದಲ್ಲಿ ಸೆರಗೋ ಪಂಚೆಯೋ ಸಿಕ್ಕಾಗ ಚಾಕು ಹುಡುಕುವುದೇ ತಪ್ಪು ಆರಂಭ. ಮೊದಲು ಸ್ವಿಚ್. ಬೆಲ್ಟ್ ಓಡುತ್ತಿರುವಾಗ ಬಟ್ಟೆ ಕೊಯ್ಯಲು ಹೋದ ಕೈಯೇ ಎರಡನೆಯದಾಗಿ ಒಳಗೆ ಹೋಗುತ್ತದೆ. ಮೋಟರ್ ನಿಂತ ಮೇಲೂ ಚಕ್ರ ಒಂದಷ್ಟು ಹೊತ್ತು ತಿರುಗುತ್ತಿರುತ್ತದೆ ಎನ್ನುವುದು ಗಾಬರಿಯಲ್ಲಿ ನೆನಪಿಗೆ ಬರುವುದಿಲ್ಲ.

ಇನ್ನು ಗಾಜು. ಚಾಕುವಿನ ಹಿಡಿಯ ತುದಿಯಲ್ಲಿರುವ ಆ ಮೊಳೆಯ ಬಗ್ಗೆ ಇರುವಷ್ಟು ತಪ್ಪು ನಂಬಿಕೆ ಅಲಗಿನ ಬಗ್ಗೆಯೂ ಇರಲಿಕ್ಕಿಲ್ಲ. ಕಾರಿನಲ್ಲಿ ಎರಡು ಜಾತಿಯ ಗಾಜುಗಳಿವೆ. ಪಕ್ಕದ ಕಿಟಕಿಗಳದ್ದು ಸಾಮಾನ್ಯವಾಗಿ ಟಫನ್ಡ್ ಗಾಜು. ಕಾಯಿಸಿ ಥಟ್ಟನೆ ತಣಿಸುವುದರಿಂದ ಅದರ ಹೊರಮೈ ಒತ್ತಿಕೊಂಡು, ಒಳಗು ಎಳೆದುಕೊಂಡು ನಿಂತಿರುತ್ತದೆ. ಗಟ್ಟಿ ಮೊನೆಯೊಂದು ಹೊರಪದರವನ್ನು ದಾಟಿ ಒಳಗೆ ತಾಗಿದ ಕ್ಷಣ ಅಡಗಿದ್ದ ಒತ್ತಡವೆಲ್ಲ ಬಿಡುಗಡೆಯಾಗಿ ಇಡೀ ಗಾಜು ಕಲ್ಲುಸಕ್ಕರೆಯಂತೆ ಪುಡಿಯಾಗಿ ಉದುರುತ್ತದೆ. ಅದಕ್ಕೆ ಬೇಕಾದದ್ದು ತೋಳಿನ ಬಲವಲ್ಲ, ಮೊನೆಯ ಗಡಸು. ಹೊಡೆಯಬೇಕಾದ್ದು ಮೂಲೆಗೆ, ನಡುವಿನಲ್ಲಿ ಗಾಜು ಬಳುಕಿ ಏಟನ್ನು ನುಂಗುತ್ತದೆ. ಮುಂದಿನ ವಿಂಡ್‌ಶೀಲ್ಡ್ ಲ್ಯಾಮಿನೇಟೆಡ್: ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ. ಎಷ್ಟು ಬಡಿದರೂ ಬಿರುಕು ಬಿಡುತ್ತದೆಯೇ ಹೊರತು ದಾರಿ ಬಿಡುವುದಿಲ್ಲ, ಅದನ್ನು ಗರಗಸದಿಂದ ಕೊಯ್ಯಬೇಕು. ತೊಂದರೆ ಏನೆಂದರೆ, ಶಬ್ದ ಕಡಿಮೆ ಮಾಡಲೆಂದೂ ಜನ ಹೊರಗೆ ಎಸೆಯಲ್ಪಡದಿರಲೆಂದೂ ಈಗ ದುಬಾರಿ ಕಾರುಗಳ ಪಕ್ಕದ ಕಿಟಕಿಗೂ ಲ್ಯಾಮಿನೇಟೆಡ್ ಬರುತ್ತಿದೆ. ಅಮೆರಿಕದ ವಾಹನ ಸವಾರರ ಸಂಘ ಎಎಎ 2019ರಲ್ಲಿ ಇಂಥ ಆರು ಉಪಕರಣಗಳನ್ನು ಪರೀಕ್ಷಿಸಿತು. ಟಫನ್ಡ್ ಗಾಜನ್ನು ಒಡೆದದ್ದು ನಾಲ್ಕು, ಲ್ಯಾಮಿನೇಟೆಡ್ ಗಾಜನ್ನು ಒಡೆದದ್ದು ಒಂದೂ ಇಲ್ಲ. ಸುತ್ತಿಗೆಯಂಥವಕ್ಕಿಂತ ಸ್ಪ್ರಿಂಗ್ ಒತ್ತಿ ಹೊಡೆಯುವಂಥವು ಮೇಲೆಂದು ಕಂಡುಬಂತು. ನೀರಿನೊಳಗೆ ಈ ವ್ಯತ್ಯಾಸ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಸುತ್ತಿಗೆ ಬೀಸುವ ಕೈಯ ವೇಗವನ್ನು ನೀರೇ ತಿನ್ನುತ್ತದೆ. ನಿಮ್ಮ ಕಾರಿನ ಕಿಟಕಿ ಗಾಜಿನ ಮೂಲೆಯಲ್ಲಿ ಅದು ಯಾವ ಜಾತಿಯದು ಎಂಬ ಗುರುತು ಇರುತ್ತದೆ, ಇವತ್ತೇ ನೋಡಿಕೊಳ್ಳುವುದು ಒಳ್ಳೆಯದು. ತಲೆದಿಂಬಿನ ಕಂಬಿ ಇರುವುದೇ ಗಾಜು ಒಡೆಯಲು ಎಂದು ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತದಲ್ಲ, ಅದು ನಿಜವಲ್ಲ. ಅದು ಇರುವುದು ಕತ್ತಿನ ರಕ್ಷಣೆಗೆ. ಬೇರೇನೂ ಸಿಗದಿದ್ದಾಗ ಗಾಜಿನ ಅಂಚಿಗೆ ತುರುಕಿ ಮೀಟಲು ನೋಡಬಹುದು, ಅಷ್ಟೇ.

ನೀರಿಗೆ ಬಿದ್ದ ಕಾರು ಕರ್ನಾಟಕಕ್ಕೆ ದೂರದ ಮಾತಲ್ಲ. ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಗೆ 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಖಾಸಗಿ ಬಸ್ಸು ಉರುಳಿ 30 ಜನ ಸತ್ತರು, ಅವರಲ್ಲಿ ಶಾಲಾಮಕ್ಕಳೂ ಇದ್ದರು. ಅದೇ ನಾಲೆಗೆ ಆಮೇಲೆಯೂ ಕಾರುಗಳು ಬಿದ್ದಿವೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಕಾರು ಸಿಕ್ಕಿ ಯುವತಿಯೊಬ್ಬರು ಪ್ರಾಣ ಬಿಟ್ಟರು. ಮುಳುಗುವ ಕಾರುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದವರು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್. ಕಾರು ತೇಲುವುದು ಹೆಚ್ಚೆಂದರೆ ಒಂದೆರಡು ನಿಮಿಷ. ಆ ಹೊತ್ತಿನಲ್ಲೇ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ ಹೊರಬೀಳಬೇಕು ಎಂಬುದು ಅವರ ತೀರ್ಮಾನ. ಬಾಗಿಲು ತೆಗೆಯಲು ಗುದ್ದಾಡುತ್ತ ಕೂರಬಾರದು, ಫೋನ್ ಮಾಡುತ್ತ ಕೂರಲೇಬಾರದು. ಅಂದರೆ ಇಲ್ಲಿಯೂ ಗಾಜು ಒಡೆಯುವ ಸಾಧನದ ಸರದಿ ಕಿಟಕಿಯ ಗುಂಡಿ ಕೈಕೊಟ್ಟ ಮೇಲಿನದು.

ಬಸ್ಸಿನ ಬೆಂಕಿಯ ಲೆಕ್ಕವೇ ಬೇರೆ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ವೋಲ್ವೊ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ಸುಟ್ಟುಹೋದರು. ಹದಿನೈದು ದಿನ ಕಳೆಯುವಷ್ಟರಲ್ಲಿ, ನವೆಂಬರ್ 14ರಂದು, ಹಾವೇರಿ ಬಳಿ ಬೆಂಗಳೂರು–ಮುಂಬೈ ಬಸ್ಸಿನಲ್ಲಿ ಏಳು ಮಂದಿ. 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲು ಬಳಿ ಹೊತ್ತಿ ಉರಿಯಿತು. ಒಂದೊಂದು ಸಲವೂ ತಪಾಸಣೆ ನಡೆಯುತ್ತದೆ, ಕಿಟಕಿ ಪಕ್ಕದಲ್ಲಿ ಕೆಂಪು ಸುತ್ತಿಗೆಗಳು ಹೊಸದಾಗಿ ಕಾಣಿಸಿಕೊಳ್ಳುತ್ತವೆ, ಕೆಲವು ತಿಂಗಳಲ್ಲಿ ಖಾಲಿ ಗೂಡು ಉಳಿಯುತ್ತದೆ. ಇದ್ದರೂ ಸ್ಲೀಪರ್ ಬಸ್ಸಿನಲ್ಲಿ ಪರದೆ ಎಳೆದುಕೊಂಡು ಮಲಗಿದವರಿಗೆ ಅದು ತಲೆಯ ಕಡೆಯೋ ಕಾಲ ಕಡೆಯೋ ಎಂಬುದು ಗೊತ್ತಿರುವುದಿಲ್ಲ. ಗಾಜಿಗೆ ಕೂಲಿಂಗ್ ಫಿಲ್ಮ್ ಅಂಟಿಸಿದ್ದರೆ ಪುಡಿಯಾದ ಮೇಲೂ ಅದು ಉದುರದೆ ಹಾಳೆಯಾಗಿ ನಿಂತಿರುತ್ತದೆ, ಕಾಲಿನಿಂದ ಒದ್ದು ಹೊರಕ್ಕೆ ದಬ್ಬಬೇಕು. ಜೇಬಿನಲ್ಲಿ ಎಂಥ ಚಾಕುವಿದ್ದರೂ ಇಷ್ಟನ್ನು ಹೊಗೆ ತುಂಬುವ ಮುಂಚಿನ ಕೆಲವೇ ಕ್ಷಣಗಳಲ್ಲಿ ಮಾಡುವವರು ವಿರಳ. ಇದು ಚಾಕುವಿನಿಂದ ಪರಿಹಾರವಾಗುವ ಸಮಸ್ಯೆಯಲ್ಲ. ಬಾಗಿಲು, ತುರ್ತು ನಿರ್ಗಮನ, ಬಸ್ಸು ಕಟ್ಟುವವರ ಹೊಣೆ, ಪರವಾನಗಿ ಕೊಡುವವರ ಹೊಣೆ ಇವುಗಳ ಸಮಸ್ಯೆ. ಪ್ರಯಾಣಿಕನೇ ಸುತ್ತಿಗೆ ಹೊತ್ತು ತಿರುಗಲಿ ಎನ್ನುವ ಸಲಹೆ ನನಗೆ ಸ್ವಲ್ಪ ನಿರ್ಲಜ್ಜ ಎನಿಸುತ್ತದೆ.

ಹೊಳೆಯಲ್ಲಿ ಚಾಕು ನಿಜಕ್ಕೂ ಬೇಕು. ದಾಂಡೇಲಿಯ ಕಾಳಿ ನದಿಯಲ್ಲಿರಲಿ, ಬೇರೆಲ್ಲೇ ಇರಲಿ, ರ‍್ಯಾಫ್ಟಿಂಗ್ ಗೈಡುಗಳು ಕಲಿಯುವ ಪಾಠವೊಂದಿದೆ: ಹಗ್ಗ ಹೊರತೆಗೆದ ಕಡೆ ಚಾಕುವೂ ಕೈಗೆಟುಕುವಂತಿರಬೇಕು. ಎಸೆಯುವ ಹಗ್ಗ ಈಜುಗಾರನನ್ನು ಉಳಿಸಬಲ್ಲದು. ಅದೇ ಹಗ್ಗ ಕಾಲಿಗೆ ಸುತ್ತಿಕೊಂಡು ಬಂಡೆಗೆ ಸಿಕ್ಕಿದರೆ ಹರಿವು ಅವನನ್ನು ನೀರಿನಡಿಗೆ ಒತ್ತಿ ಹಿಡಿಯಬಲ್ಲದು. ಲೈಫ್ ಜಾಕೆಟ್ಟಿನ ಎದೆಯ ಮೇಲೆ, ಯಾವ ಕೈಯಿಂದಲಾದರೂ ಎಳೆಯಲು ಬರುವಂತೆ ಸಿಕ್ಕಿಸಿದ ಪುಟ್ಟ ಮೊಂಡು ತುದಿಯ ಚಾಕು ಅದಕ್ಕಾಗಿ. ತುದಿ ಚೂಪಾಗಿದ್ದರೆ ಗಾಳಿ ತುಂಬಿದ ರ‍್ಯಾಫ್ಟನ್ನೇ ತೂತು ಮಾಡೀತು. ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪದಂಥ ಕಡೆ ಸ್ಕೂಬಾ ಡೈವಿಂಗ್ ಮಾಡುವವರಿಗೂ ಹೆದರಿಕೆ ಶಾರ್ಕಿನದಲ್ಲ, ಬಂಡೆಗೆ ಸಿಕ್ಕಿ ಬಿಟ್ಟುಹೋದ ಬಲೆಗಳದು. ಸಿನಿಮಾದ ಡೈವರುಗಳು ಕಾಲಿಗೆ ಕಟ್ಟಿಕೊಳ್ಳುತ್ತಿದ್ದ ಮೊಳದುದ್ದದ ಬಾಕು ಈಗ ಬಹುಮಟ್ಟಿಗೆ ಹೋಗಿ, ಮಣಿಕಟ್ಟಿಗೋ ಎದೆಪಟ್ಟಿಗೋ ಸಿಕ್ಕಿಸುವ ಸಣ್ಣ ಲೈನ್ ಕಟರ್ ಬಂದಿದೆ. ಕರಾವಳಿಯ ಮೀನುಗಾರರು ಇದನ್ನು ಯಾವ ಕೋರ್ಸಿನಲ್ಲೂ ಕಲಿತವರಲ್ಲ. ಬೋಟಿನ ಪ್ರೊಪೆಲ್ಲರಿಗೆ ಬಲೆ ಸುತ್ತಿಕೊಂಡಾಗ ಎಂಜಿನ್ ಆರಿಸಿ ಕೆಳಗೆ ಮುಳುಗುವವನು ಬಲೆಯನ್ನು ಒಂದೊಂದೇ ಸುತ್ತು ಬಿಡಿಸಿ ಕೊಯ್ಯುತ್ತ ಬರುತ್ತಾನೆ. ಮೇಲಿರುವವರು ಎಂಜಿನ್ನಿನ ಹತ್ತಿರ ಯಾರೂ ಸುಳಿಯದಂತೆ ನೋಡಿಕೊಳ್ಳುತ್ತಾರೆ.

ಎತ್ತರದಲ್ಲಿ ಮಾತ್ರ ಚಾಕು ಎಂದರೆ ಭಯ. ರಾಮನಗರ, ಸಾವನದುರ್ಗದ ಬಂಡೆಗಳಲ್ಲಿ ಹಗ್ಗದಿಂದ ಇಳಿಯುವವರ ಉದ್ದ ಕೂದಲೋ ಟೀ ಶರ್ಟಿನ ಅಂಚೋ ಹಗ್ಗ ಹಾಯುವ ಲೋಹದ ಸಾಧನಕ್ಕೆ ಸಿಕ್ಕುವುದುಂಟು. ಕೂಡಲೇ ಚಾಕು ತೆಗೆದು ಕೂದಲು ಕೊಯ್ಯೋಣ ಎನಿಸುತ್ತದೆ. ಮನುಷ್ಯನ ಭಾರ ಹೊತ್ತು ಬಿಗಿದು ನಿಂತ ಹಗ್ಗಕ್ಕೆ ಅಲಗು ಸುಮ್ಮನೆ ಸೋಕಿದರೂ ಸಾಕು, ಅದು ತಾನಾಗಿ ಹರಿದುಕೊಳ್ಳುತ್ತದೆ. ಹಾಗಾಗಿ ಇನ್ನೊಂದು ಹಗ್ಗದಿಂದ ಭಾರವನ್ನು ಎತ್ತಿ, ಸಿಕ್ಕಿದ್ದನ್ನು ಸಡಿಲಿಸಿ ಬಿಡಿಸುವುದೇ ಸರಿಯಾದ ದಾರಿ. ಕತ್ತರಿಸಲೇಬೇಕಾದರೆ ಮೊಂಡು ಕತ್ತರಿ. ತೆಂಗಿನ ಮರದ ಮೇಲೆ, ಮರ ಹತ್ತುವ ಯಂತ್ರಕ್ಕೆ ಸಿಕ್ಕಿಕೊಂಡು ನೇತಾಡುವವರನ್ನು ಅಗ್ನಿಶಾಮಕ ದಳದವರು ಇಳಿಸುವಾಗಲೂ ಇದೇ ಕ್ರಮ: ಮೊದಲು ಅವರನ್ನು ಬೇರೊಂದು ಹಗ್ಗಕ್ಕೆ ಒಪ್ಪಿಸುವುದು, ಆಮೇಲೆ ಹಳೆಯದನ್ನು ಬಿಡಿಸುವುದು.

ನೇಣು ಬಿಗಿದುಕೊಂಡವರನ್ನು ಕಂಡಾಗಲೂ ಮೊದಲ ಕೆಲಸ ಕಾಲು, ಸೊಂಟ ಹಿಡಿದು ಭಾರ ಎತ್ತುವುದು, ಕೂಗಿ ಇನ್ನೊಬ್ಬರನ್ನು ಕರೆಯುವುದು. ಗಂಟನ್ನು ಬಿಟ್ಟು ಅದರಿಂದ ದೂರಕ್ಕೆ ಹಗ್ಗ ಕತ್ತರಿಸಿ, ಕೆಳಗಿಳಿಸಿ, ಕೊರಳ ಬಿಗಿತ ತೆಗೆದು, ಉಸಿರಿಲ್ಲದಿದ್ದರೆ ಎದೆ ಒತ್ತಲು ಶುರುಮಾಡಿ 112ಕ್ಕೆ ಕರೆ ಮಾಡಬೇಕು. ಬ್ರಿಟನ್ನಿನ ಜೈಲು ಸಿಬ್ಬಂದಿ ಇದಕ್ಕಾಗಿಯೇ ಸೊಂಟದಲ್ಲಿ ಒಳಬಾಯಿಯ, ಮೊನೆಯೇ ಇಲ್ಲದ ಕಟರ್ ಇಟ್ಟುಕೊಂಡಿರುತ್ತಾರೆ. ಕೈದಿಯ ಕೈಗೆ ಸಿಕ್ಕರೂ ಅದರಿಂದ ಇರಿಯಲಾಗದು. ಮನಸ್ಸು ಕುಸಿದವರು ಮಾತಾಡಲು ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇದೆ.

ಚಾಕುವೇ ಕೆಲಸಕ್ಕೆ ಬಾರದ ಜಾಗಗಳೂ ಇವೆ. ಇಂಗ್ಲೆಂಡಿನ ಸೌತಾಂಪ್ಟನ್ ನಗರದ ಶರ್ಲಿ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ 2010ರ ಏಪ್ರಿಲ್ 6ರಂದು ಬೆಂಕಿ ಬಿದ್ದಾಗ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೂರಿಸಿದ್ದ ವಿದ್ಯುತ್ ತಂತಿಗಳು ಶಾಖಕ್ಕೆ ಕಳಚಿ ಬಿದ್ದು ಅವರ ಉಸಿರಾಟದ ಉಪಕರಣಕ್ಕೆ ಸುತ್ತಿಕೊಂಡಿದ್ದವು. ಅಂಥಲ್ಲಿ ಬೇಕಾದದ್ದು ಚಾಕುವಲ್ಲ, ತಂತಿ ಕತ್ತರಿಸುವ ಕಟಿಂಗ್ ಪ್ಲೇಯರ್. ಆಮೇಲೆ ಬ್ರಿಟನ್ನಿನ ವೈರಿಂಗ್ ನಿಯಮಗಳೇ ಬದಲಾಗಿ, ಜನ ಪಾರಾಗುವ ದಾರಿಗಳಲ್ಲಿ ತಂತಿಯನ್ನು ಲೋಹದ ಹಿಡಿಕೆಯಲ್ಲೇ ಕೂರಿಸಬೇಕೆಂದಾಯಿತು. ನಮ್ಮ ಹಳೆಯ ಪೇಟೆಗಳ ಕಾಂಪ್ಲೆಕ್ಸುಗಳ ಮೆಟ್ಟಿಲಲ್ಲಿ ತೂಗಾಡುವ ಕೇಬಲ್ ರಾಶಿಯನ್ನು ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಲೆನಾಡಿನ ತೋಟಗಳಲ್ಲಿ ಹಂದಿಗೆ ಇಟ್ಟ ತಂತಿಯ ಉರುಳಿಗೆ ಚಿರತೆ ಬಿದ್ದಾಗಲೂ ಅರವಳಿಕೆ ಕೊಟ್ಟ ಮೇಲೆ ತಂತಿ ಕಟರ್ರೇ ಬೇಕು. ಗಾಳಿಪಟದ ನೈಲಾನ್ ಮಾಂಜಾಕ್ಕೆ ಸಿಕ್ಕ ಹದ್ದಿನ ರೆಕ್ಕೆಗೆ ಸಣ್ಣ ಮೊಂಡು ಕತ್ತರಿ ಸಾಕು. ಈ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ.

ಹೀಗೆ ನೋಡುತ್ತ ಹೋದರೆ ಮಲೆನಾಡು, ಕರಾವಳಿಯಲ್ಲಿ ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ಓಡಾಡುವವರು ಎಷ್ಟೋ ಕಾಲದಿಂದ ತುರ್ತು ಕೆಲಸದವರೇ. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ಇಲಾಖೆಯ ಗಾಡಿ ಬರುವಷ್ಟರಲ್ಲಿ ಕೊಂಬೆ ಸವರಿ ಆಂಬುಲೆನ್ಸಿಗೆ ದಾರಿ ಮಾಡಿರುತ್ತಾರೆ. ಕಣ್ಣಿ ಬಿಗಿದು ಕಣ್ಣು ಮೇಲಾದ ದನದ ಹಗ್ಗ ಕೊಯ್ಯುವುದು ಕುಡುಗೋಲೇ. ಬಾಯಿ ಒಳಗೆ, ಬೆನ್ನು ಹೊರಗೆ ಇರುವ ಕುಡುಗೋಲು ದನದ ಕೊರಳಿಗೆ ತಾಗದಂತೆ ಹಗ್ಗವನ್ನಷ್ಟೇ ಹಿಡಿದೆಳೆಯುತ್ತದೆ. ಎಂಸಿ-1ರ ಕೊಕ್ಕೆ ಮಾಡಿದ್ದೂ ಇಷ್ಟೇ. ಬಿದ್ದ ಮರದಡಿ ಕರೆಂಟು ತಂತಿ ಇದ್ದರೆ ಮಾತ್ರ ಅವರೂ ಕತ್ತಿ ಕೆಳಗಿಟ್ಟು ಲೈನ್‌ಮ್ಯಾನ್‌ಗೆ ಕಾಯಬೇಕು.

ಚಾಕು ಇಟ್ಟುಕೊಳ್ಳುವುದು ಅಪರಾಧವೇ ಎಂದು ಕೇಳುವವರಿದ್ದಾರೆ. 2016ರ ಆಯುಧ ನಿಯಮಗಳು ಆಯುಧವೆಂದು ಎಣಿಸುವುದು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗುಗಳನ್ನು. ಮನೆಗೆಲಸ, ಬೇಸಾಯದ ಕತ್ತಿಗಳು ಅದರಲ್ಲಿ ಸೇರುವುದಿಲ್ಲ. ರಕ್ಷಣಾ ಚಾಕು ಈ ಅಳತೆಯ ಅರ್ಧವೂ ಇರಬೇಕಾಗಿಲ್ಲ. ಆದರೂ ನಿಷೇಧಾಜ್ಞೆ ಇದ್ದ ದಿನ, ಮೆಟ್ರೊ ನಿಲ್ದಾಣದ ತಪಾಸಣೆಯಲ್ಲಿ, ವಿಮಾನದ ಕೈಚೀಲದಲ್ಲಿ ಚೂಪು ಚಾಕು ತೊಂದರೆ ತಂದೀತು. ಅಲಗು ಸೀಳಿನೊಳಗೇ ಅಡಗಿರುವ ಬೆಲ್ಟ್ ಕಟರನ್ನು ಕಾರಿನಲ್ಲಿಟ್ಟುಕೊಂಡರೆ ಈ ರಗಳೆಯೇ ಇಲ್ಲ. ಸಹಾಯ ಮಾಡಲು ಹೋಗಿ ಪೊಲೀಸ್ ಠಾಣೆ ಅಲೆಯಬೇಕಾದೀತೆಂಬ ಹಳೆಯ ಅಂಜಿಕೆಗೆ ಕಾನೂನು ಉತ್ತರ ಕೊಟ್ಟಿದೆ: 2016ರ ಮಾರ್ಚ್ 30ರ ಸುಪ್ರೀಂ ಕೋರ್ಟ್ ತೀರ್ಪು, ಕರ್ನಾಟಕದ್ದೇ ಆದ 2016ರ ಕಾಯ್ದೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು. ಸದುದ್ದೇಶದಿಂದ ನೆರವಿಗೆ ನಿಂತವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ.

ತರಬೇತಿಯಲ್ಲಿಯೇ ನಾವು ಹಿಂದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದ ಮಿತ್ರ’ ಯೋಜನೆಯ ಸ್ವಯಂಸೇವಕರಿಗೆ ಕೊಡುವ ಕಿಟ್‌ನಲ್ಲಿ ಲೈಫ್ ಜಾಕೆಟ್, ಟಾರ್ಚು, ಸೀಟಿ, ಕೈಗವಸುಗಳ ಜೊತೆ ಚಾಕುವೂ ಇದೆ. ಅದನ್ನು ತೆಗೆಯುವುದು ಯಾವಾಗ, ತೆಗೆಯದಿರುವುದು ಯಾವಾಗ ಎಂದು ಗುಜರಿ ಬೆಲ್ಟು, ಹಳೆ ಹಗ್ಗ, ಹರಿದ ಸೀರೆ ಇಟ್ಟುಕೊಂಡು ಅರ್ಧ ದಿನ ಕಲಿಸಿದರೆ ಸಾಕು, ಖರ್ಚೂ ಇಲ್ಲ. ಬೈಕಿನ ಡಿಕ್ಕಿಯಲ್ಲಿ ಒಂದು ಮೊಂಡು ಕತ್ತರಿ ಇರಲಿ, ಔಷಧಿ ಉಪಕರಣಗಳ ಅಂಗಡಿಯಲ್ಲಿ ಸಿಗುತ್ತದೆ. ಕರಾವಳಿಯ ಉಪ್ಪುಗಾಳಿಗೆ ಕಟರ್‌ನ ಬ್ಲೇಡು ಒಳಗೊಳಗೇ ತುಕ್ಕು ಹಿಡಿಯುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಪ್ರತಿ ಮಳೆಗಾಲ ಕಳೆದ ಮೇಲೆ ಒಂದು ಹಳೆ ಪಟ್ಟಿ ಕೊಯ್ದು ನೋಡಬೇಕು. ಇನ್ನು ಕಾರಿನ ಡಿಕ್ಕಿಯಲ್ಲಿ, ಗ್ಲೋವ್ ಬಾಕ್ಸಿನ ಕಾಗದಪತ್ರಗಳ ಅಡಿಯಲ್ಲಿ ಇಟ್ಟ ಕಟರ್ ಇದ್ದೂ ಇಲ್ಲದಂತೆ. ಡ್ರೈವರ್ ಸೀಟಿನಲ್ಲಿ ಕೂತು, ಬೆಲ್ಟ್ ಬಿಗಿಯಾಗಿ ಹಾಕಿಕೊಂಡು, ಕಣ್ಣು ಮುಚ್ಚಿ ಮೊದಲು ಬಲಗೈ, ಆಮೇಲೆ ಎಡಗೈ ಚಾಚಿ ನೋಡಿ. ಎರಡಕ್ಕೂ ಎಟುಕುವ ಜಾಗ ಸಾಮಾನ್ಯವಾಗಿ ಗೇರಿನ ಪಕ್ಕದಲ್ಲೇ ಸಿಗುತ್ತದೆ. ಅಲ್ಲಿಗೆ ವೆಲ್ಕ್ರೊ ಪಟ್ಟಿಯಿಂದ ಬಿಗಿದು ಅಂಟಿಸಿ, ಇಲ್ಲದಿದ್ದರೆ ಕಾರು ಪಲ್ಟಿಯಾದಾಗ ಕಟರ್ ಹಿಂದಿನ ಸೀಟಿನ ಕೆಳಗೆಲ್ಲೋ ಹೋಗಿ ಬಿದ್ದಿರುತ್ತದೆ.